ಕಿಸೆಚೂರಿಯ ಮೋಹವೂ ಮಸೆಗಲ್ಲೂ

ತೋಟಕ್ಕೆ ಇಳಿಯುವವನ ಕಿಸೆಯಲ್ಲಿ ಒಂದು ಚೂರಿ ಇರಬೇಕಾದುದು ಸರಿಯೇ. ಒಳ್ಳೆಮೆಣಸಿನ ಬಳ್ಳಿಗೆ ಬಿಗಿಯಾದ ಕಟ್ಟನ್ನು ಬಿಡಿಸುವುದಕ್ಕೆ, ಗೊಬ್ಬರದ ಗೋಣಿಯ ಹೊಲಿಗೆ ಕೊಯ್ಯುವುದಕ್ಕೆ, ನೀರಿನ ಪೈಪಿನ ತುದಿ ಸರಿಮಾಡುವುದಕ್ಕೆ, ಮಧ್ಯಾಹ್ನ ಜಗಲಿಯಲ್ಲಿ ಕುಳಿತು ಎಲೆಯಡಿಕೆಗೆ ಹೋಳು ಮಾಡುವುದಕ್ಕೆ ಅದು ಬೇಕೇ ಬೇಕು. ನಮ್ಮ ಹಿರಿಯರು ಪೀಶಕತ್ತಿ ಎಂದು ಕರೆದು ಸೊಂಟದಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದುದು ಇದನ್ನೇ. ಮಡಚುವ ಚೂರಿ ಬಂದ ಮೇಲೆ ಅದು ಸೊಂಟದಿಂದ ಕಿಸೆಗೆ ಇಳಿಯಿತು. ಈ ವಾರ ನಾವು ಹೇಳಹೊರಟಿರುವುದು ಅದರ ಉಪಯೋಗವನ್ನಲ್ಲ. ಒಂದು ಇದ್ದಲ್ಲಿ ಒಂಬತ್ತು ಆಗುವ ಬಗೆಯನ್ನು, ಮತ್ತು ಅದನ್ನು ತಡೆಯುವ ದಾರಿಯನ್ನು.

ವಿಷಯ ಸಣ್ಣದೆಂದು ಕೆಲವರು ನಕ್ಕಾರು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಕಾಸರಗೋಡು ಕಡೆಯ ಯಾವ ಮನೆಯಲ್ಲಿಯೂ ಐದು ಮೆಟ್ಟುಕತ್ತಿಗಳಿಲ್ಲ. ದೋಟಿಯ ಕತ್ತಿ ಒಂದು, ಹೆಚ್ಚೆಂದರೆ ಎರಡು. ಹುಲ್ಲು ಕೊಯ್ಯುವ ಕತ್ತಿ ಹುಲ್ಲು ಕೊಯ್ಯುವವರ ಲೆಕ್ಕಕ್ಕೆ ಸರಿಯಾಗಿ ಇರುತ್ತದೆ. ಏಕೆಂದರೆ ಇವುಗಳನ್ನು ಕೊಳ್ಳುವಾಗ ಮನೆಯಲ್ಲಿ ಮಾತಾಗುತ್ತದೆ: ಹಳೆಯದಕ್ಕೆ ಏನಾಯಿತು, ಆಚಾರಿಯಲ್ಲಿ ಕೊಟ್ಟರೆ ಸರಿಯಾಗದೆ, ಎಂದು ಹೆಂಗಸರು ಕೇಳಿಯೇ ಕೇಳುತ್ತಾರೆ. ಕಿಸೆಚೂರಿಗೆ ಈ ವಿಚಾರಣೆ ಇಲ್ಲ. ಜಾತ್ರೆಯ ಸಂತೆಯಲ್ಲಿ ಕೊಂಡು ಕಿಸೆಗೆ ಹಾಕಿದರೆ ಮುಗಿಯಿತು. ಈಗಂತೂ ಜಾತ್ರೆಗೂ ಕಾಯಬೇಕಾಗಿಲ್ಲ. ರಾತ್ರಿ ಉಂಡು ಮಲಗಿದಲ್ಲಿಯೇ ಮೊಬೈಲಿನ ಚಿತ್ರ ನೋಡಿ ಒತ್ತಿದರೆ ನಾಲ್ಕನೆಯ ದಿನ ಮನೆಬಾಗಿಲಿಗೆ ಬರುತ್ತದೆ. ಒಂದಕ್ಕೆ ೪೦೦ ರೂಪಾಯಿ, ಎರಡು ತಿಂಗಳಿಗೊಂದು ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ೨,೪೦೦, ಐದು ವರ್ಷಕ್ಕೆ ೧೨,೦೦೦. ಕೊಳೆರೋಗದ ಮದ್ದು ಬಿಡಿಸಲು ಮರ ಹತ್ತುವವರಿಗೆ ಕೊಡಬೇಕಾದ ಕೂಲಿಯನ್ನು ಮುಂದಿನ ವಾರಕ್ಕೆ ದೂಡುವ ಮನೆಗಳಲ್ಲಿಯೂ ಈ ಲೆಕ್ಕ ನಡೆದಿರುತ್ತದೆ.

ಯಾಕೆ ಹೀಗಾಗುತ್ತದೆ? ಚಂದದ ವಸ್ತುವಿನ ಮೇಲಣ ಆಸೆ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದು. ಆದರೆ ಹಲವು ಮನೆಗಳಲ್ಲಿ ಕೇಳಿ ನೋಡಿದ ಮೇಲೆ ನಮಗೆ ತೋರಿದ್ದು ಬೇರೆ. ಹೊಸ ಚೂರಿಯ ಆಸೆ ಹುಟ್ಟುವುದು ಹೆಚ್ಚಾಗಿ ಹಳೆಯ ಚೂರಿ ಮೊಂಡಾದ ದಿನ. ಹಗ್ಗ ಕೊಯ್ಯಲು ಹೋಗಿ ನಾರು ಎಳೆಯುತ್ತದೆ, ಕೈ ನೋಯುತ್ತದೆ, ‘ಇದು ಪ್ರಯೋಜನವಿಲ್ಲ’ ಎಂದಾಗುತ್ತದೆ. ಹೊಸದು ಬರುತ್ತದೆ, ಕಾರ್ಖಾನೆಯ ಹರಿತ ಇರುವಷ್ಟು ದಿನ ಸಂತೋಷ. ಅದೂ ಮೊಂಡಾದಾಗ ಮತ್ತೊಂದು. ಅಂದರೆ ನಾವು ಕೊಳ್ಳುತ್ತಿರುವುದು ಚೂರಿಯನ್ನಲ್ಲ, ಯಾರೋ ಮಸೆದುಕೊಟ್ಟ ಬಾಯಿಯನ್ನು. ಆದುದರಿಂದ ಚಿಕಿತ್ಸೆ ಮಸೆಗಲ್ಲಿನಿಂದ ಆರಂಭವಾಗತಕ್ಕದ್ದು.

ದೊಡ್ಡ ಕತ್ತಿಯನ್ನು ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಹುಡಿ ಉದುರಿಸಿ ಮಸೆಯುವ ಕ್ರಮ ನಮ್ಮಲ್ಲಿ ಉಂಟು. ಸೌದೆ ಕಡಿಯುವ ಕತ್ತಿಗೆ ಅದು ಸಾಕು, ಚೂರಿಗೆ ಒರಟಾಯಿತು. ಚೂರಿಗೆ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ದೊರೆಯುವ, ಒಂದು ಮುಖ ಒರಟು ಇನ್ನೊಂದು ಮುಖ ನಯ ಇರುವ ಕಲ್ಲೇ ಉತ್ತಮ. ಕಲ್ಲನ್ನು ನೀರಿನಲ್ಲಿ ನೆನೆಸಿ, ಅಲುಗಾಡದಂತೆ ಒದ್ದೆ ಬಟ್ಟೆಯ ಮೇಲಿಡಬೇಕು. ಎಲ್ಲರೂ ತಪ್ಪುವುದು ಕೋನದಲ್ಲಿ. ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿದರೆ ೯೦ ಡಿಗ್ರಿ. ಅದರ ಅರ್ಧಕ್ಕೆ ಬಾಗಿಸಿದರೆ ೪೫. ಮತ್ತೆ ಅರ್ಧಕ್ಕೆ ಇಳಿಸಿದರೆ ೨೨ ಚಿಲ್ಲರೆ. ಅಷ್ಟು ಸಾಕು. ಇನ್ನೂ ಸುಲಭದ ಲೆಕ್ಕ ಬೇಕಾದರೆ, ಎರಡು ಸೆಂಟಿಮೀಟರ್ ಅಗಲದ ಅಲಗಿನ ಬೆನ್ನಿನಡಿ ಮಕ್ಕಳ ಪೆನ್ಸಿಲನ್ನು ಇಟ್ಟು ನೋಡಿರಿ. ಬೆನ್ನು ಆ ದಪ್ಪದಷ್ಟು ಎತ್ತರದಲ್ಲಿದ್ದಾಗ ಕೋನ ಸುಮಾರು ೨೦ ಡಿಗ್ರಿ. ಪೆನ್ಸಿಲು ತೆಗೆದ ಮೇಲೆಯೂ ಕೈ ಅದೇ ಎತ್ತರವನ್ನು ನೆನಪಿಡಬೇಕು. ಎರಡು ದಿನ ತಪ್ಪುತ್ತದೆ, ಮೂರನೆಯ ದಿನ ಕೈಗೆ ಬರುತ್ತದೆ.

ಬಾಯಿ ಮುಂದಾಗಿ, ಕಲ್ಲಿನಿಂದ ತೆಳ್ಳನೆ ಪದರ ಹೆರೆಯುವವರಂತೆ ಹಿಡಿಯ ಕಡೆಯಿಂದ ತುದಿಯ ವರೆಗೆ ಎಳೆಯುತ್ತ ಹೋಗಬೇಕು. ಒಂದೇ ಮಗ್ಗುಲನ್ನು ಮಸೆಯುತ್ತಿರುವಾಗ ಇನ್ನೊಂದು ಮಗ್ಗುಲಿಗೆ ಉಕ್ಕಿನ ಒಂದು ಸಣ್ಣ ತರಿ ಮಗುಚಿಕೊಳ್ಳುತ್ತದೆ. ಬೆನ್ನಿನ ಕಡೆಯಿಂದ ಬಾಯಿಯ ಹೊರಗೆ ಉಗುರನ್ನು ಮೆಲ್ಲಗೆ ಸರಿಸಿದರೆ ಅದು ತಿಳಿಯುತ್ತದೆ; ಬಾಯಿಯ ಉದ್ದಕ್ಕೆ ಬೆರಳು ಓಡಿಸುವುದು ಮೂರ್ಖತನ. ಆ ತರಿ ಬುಡದಿಂದ ತುದಿಯ ವರೆಗೆ ತಿಳಿದುಬಂದಾಗ ಮಾತ್ರ ಮಗ್ಗುಲು ಬದಲಿಸಬೇಕು. ಇದಕ್ಕೆ ಮೊದಲೇ ತಾಳ್ಮೆಗೆಟ್ಟು ತಿರುಗಿಸುವುದರಿಂದಲೇ ‘ಎಷ್ಟು ಮಸೆದರೂ ಹರಿತ ಬರುವುದಿಲ್ಲ’ ಎಂಬ ದೂರು. ಆಮೇಲೆ ನಯವಾದ ಮುಖದಲ್ಲಿ ಇದನ್ನೇ ಹಗುರವಾಗಿ ಮಾಡಿ, ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಬೆನ್ನು ಮುಂದಾಗಿ ಹತ್ತಿಪ್ಪತ್ತು ಸಲ ಒರಸಿದರೆ ತರಿ ಬೀಳುತ್ತದೆ. ಮಕ್ಕಳ ಹಳೆಯ ಪುಸ್ತಕದ ಹಾಳೆಯೊಂದನ್ನು ಗಾಳಿಯಲ್ಲಿ ಹಿಡಿದು ಕೊಯ್ದರೆ ಹರಿಯದೆ ಕತ್ತರಿಸಬೇಕು. ಕಸಿ ಕಟ್ಟುವ ಚೂರಿಗಳಲ್ಲಿ ಹಲವಕ್ಕೆ ಒಂದೇ ಮಗ್ಗುಲು ಓರೆಯಿರುತ್ತದೆ. ಅಂಥವುಗಳ ಚಪ್ಪಟೆ ಮಗ್ಗುಲನ್ನು ಕಲ್ಲಿಗೆ ಪೂರ್ತಿ ಒರಗಿಸಿ ತರಿ ತೆಗೆಯುವಷ್ಟೇ ಉಜ್ಜಬೇಕು. ಮೊಂಡು ಚೂರಿಯಿಂದ ಮಾವು ಗೇರುಗಳ ಕಡ್ಡಿಯನ್ನು ಬೆಣೆಯಂತೆ ಕೊಯ್ದರೆ ಕೊಯ್ದ ಮೈ ಜಜ್ಜಿಹೋಗುತ್ತದೆ, ಎರಡು ಮೈಗಳೂ ಕೂಡುವುದಿಲ್ಲ, ಕಸಿ ಒಣಗುತ್ತದೆ. ಆಗ ಬೈಗುಳು ಗಿಡಕ್ಕೆ.

ಚೂರಿ ಬಿಸಾಡುವುದಕ್ಕೆ ಇನ್ನೊಂದು ನೆವ ‘ಕಪ್ಪಾಯಿತು’ ಎಂಬುದು. ಹಸಿ ಅಡಿಕೆ, ಬಾಳೆ, ಗೇರುಹಣ್ಣು ಇವುಗಳಲ್ಲಿ ಒಗರು ಉಂಟಷ್ಟೆ. ಆ ಒಗರಿನ ಅಂಶ ಕಬ್ಬಿಣದೊಡನೆ ಸೇರಿದರೆ ಕಪ್ಪು ಬಣ್ಣ ಬರುತ್ತದೆ. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಬರೆಯುವ ಮಸಿ ಮಾಡುತ್ತಿದ್ದುದು ಇದೇ ಧರ್ಮದಿಂದ. ಅದು ತುಕ್ಕಲ್ಲ, ಅಲಗಿಗೆ ಕೇಡೂ ಅಲ್ಲ. ಕೇಡು ಮಾಡುವುದು ಕೆಂಪು ತುಕ್ಕು. ನಮ್ಮ ಮಳೆಗಾಲದಲ್ಲಿ ಒದ್ದೆ ಚೂರಿಯನ್ನು ಚರ್ಮದ ಚೀಲದೊಳಗಿಟ್ಟು ಮರೆತರೆ ಒಂದೇ ರಾತ್ರಿ ಸಾಕು. ಸಂಜೆ ಒರಸಿ, ಎಣ್ಣೆಯ ಕೈಯಿಂದ ಅಲಗನ್ನೂ ಮಡಚುವ ಕೀಲನ್ನೂ ಮುಟ್ಟಿಸಿ, ಚೀಲದ ಹೊರಗೆ ಇಟ್ಟರೆ ಚೂರಿಗೆ ಆಯುಸ್ಸು.

ಇನ್ನು ಸಾಣೆಚಕ್ರ. ಪೇಟೆಯಲ್ಲಿ ತಿರುಗುವ ಚಕ್ರಕ್ಕೆ ಕೊಟ್ಟು ಕಿಡಿ ಹಾರಿಸಿಕೊಂಡು ಬರುವವರು ಒಮ್ಮೆ ಅಲಗಿನ ಅಂಚನ್ನು ನೋಡಬೇಕು. ಅಲ್ಲಿ ನೀಲಿ ಬಣ್ಣ ಕಂಡರೆ, ಉಕ್ಕು ಬಿಸಿಯಾಗಿ ಹದ ಹೋಗಿದೆ ಎಂದರ್ಥ. ಅಂಥ ಚೂರಿ ಆ ದಿನ ಚೆನ್ನಾಗಿ ಕೊಯ್ಯುತ್ತದೆ, ವಾರದಲ್ಲಿ ಮೊಂಡು. ಅದಕ್ಕೆ ಬೇಕಾದುದು ಹೊಸ ಚೂರಿಯಲ್ಲ. ನೀಲಿ ಭಾಗ ಮುಗಿಯುವ ವರೆಗೆ ಕಲ್ಲಿನಲ್ಲಿ ಸವೆಸುವುದು, ಇಲ್ಲವೆ ಊರಿನ ಆಚಾರಿಯ ಕುಲುಮೆಯಲ್ಲಿ ಮತ್ತೆ ಹದ ಹಾಕಿಸುವುದು. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಬಡಿದು ಕತ್ತಿ ಮಾಡಬಲ್ಲವನಿಗೆ ನಮ್ಮ ಚೂರಿಯ ಹದ ದೊಡ್ಡ ಕೆಲಸವಲ್ಲ. ನಾವು ಕೆಲಸ ಕೊಡದೆ ಇದ್ದು, ಕುಲುಮೆ ಆರಿತು ಎಂದು ಮರುಗುವುದರಲ್ಲಿ ಅರ್ಥವಿಲ್ಲ.

ಮೊಬೈಲಿನ ಚಿತ್ರಗಳಲ್ಲಿ ಪರದೇಶದ ಚೂರಿಗಳ ಹೊಗಳಿಕೆ ಬಹಳ. ಫ್ರಾನ್ಸಿನ ಸವೋಯ್ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬವನು ೧೮೯೦ರಲ್ಲಿ ಮರದ ಹಿಡಿಯ ಒಂದು ಮಡಚುವ ಚೂರಿಯನ್ನು ಮಾಡಿದನು. ಅದು ರೈತರ ಚೂರಿ. ೧೮೯೭ರಲ್ಲಿ ಅದನ್ನು ೧ರಿಂದ ೧೨ರ ವರೆಗೆ ನಂಬರು ಹಾಕಿ ಹನ್ನೆರಡು ಅಳತೆಗಳಲ್ಲಿ ತಂದರು. ಈಗ ಕೆಲವರು ಹಲವು ನಂಬರುಗಳನ್ನು ಕೂಡಿಹಾಕುತ್ತಾರೆ. ಹನ್ನೆರಡು ಅಳತೆ ಮಾಡಿದುದು ಹನ್ನೆರಡು ಬಗೆಯ ಕೈಗಳಿಗೆ, ಹನ್ನೆರಡು ಬಗೆಯ ಕೆಲಸಗಳಿಗೆ ಎಂದು ನಾವು ತಿಳಿಯುತ್ತೇವೆ, ಒಬ್ಬನ ಕಿಸೆಗಲ್ಲ. ತುಕ್ಕು ಹಿಡಿಯದ ಉಕ್ಕಿನದೂ ಇದೇ ಮಾತು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ೧೯೧೩ರಲ್ಲಿ ಹ್ಯಾರಿ ಬ್ರಿಯರ್ಲಿ ಕ್ರೋಮಿಯಂ ಬೆರೆಸಿ ಮಾಡಿದ ಈ ಉಕ್ಕು ಅಡುಗೆಮನೆಗೆ ಉಪಕಾರವಾಯಿತು. ಆದರೆ ಅದಕ್ಕೂ ಮಸೆಗಲ್ಲು ಬೇಕು. ತುಕ್ಕು ಹಿಡಿಯದ್ದು ಎಂದರೆ ಮೊಂಡಾಗದ್ದು ಎಂದಲ್ಲ.

ಮನೆಯಲ್ಲಿರುವ ಚೂರಿಗಳಲ್ಲಿ ಯಾವುದು ಬೇಕಾದುದು ಎಂದು ತಿಳಿಯಲು ಒಳ್ಳೆಯ ದಿನ ಆಯುಧಪೂಜೆ. ಆ ದಿನ ಹೇಗೂ ಎಲ್ಲವನ್ನೂ ತೊಳೆದು ಸಾಲಾಗಿ ಇಡುತ್ತೇವೆ. ತೊಳೆಯುವುದಕ್ಕೆ ಮೊದಲು ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿರಿ. ಹಿಡಿಯ ಮೇಲೆ ಹೋದ ವರ್ಷದ ಕುಂಕುಮ ಅಳಿಯದೆ ಉಳಿದಿದ್ದರೆ, ಹನ್ನೆರಡು ತಿಂಗಳು ಅದನ್ನು ಯಾರೂ ಮುಟ್ಟಿಲ್ಲ. ನಮಗೆ ಗೊತ್ತಿರುವ ಮನೆಯೊಂದರಲ್ಲಿ ಹೀಗೆ ಹನ್ನೊಂದನ್ನು ಇಟ್ಟು ನೋಡಿದಾಗ ಎಂಟರ ಮೇಲೆ ಕುಂಕುಮ ಹಾಗೆಯೇ ಇತ್ತು. ಯಜಮಾನರು ಮಾತಾಡಲಿಲ್ಲ, ಅವರ ತಾಯಿ ಒಳಗಿನಿಂದ ನಕ್ಕರು.

ಎಣಿಕೆ ಇಲ್ಲದ ವಸ್ತು ಕಳೆದರೆ ತಿಳಿಯುವುದಿಲ್ಲ. ಇದನ್ನು ಹೇಳುವುದಕ್ಕೆ ಕಾರಣವುಂಟು. ನಮ್ಮ ಶಾಲೆಯ ಆರನೆಯ ತರಗತಿಯ ಹುಡುಗನೊಬ್ಬ ಮನೆಯ ಕಪಾಟಿನಿಂದ ಮಡಚುವ ಚೂರಿಯೊಂದನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದನು. ಆಟದ ಬಿಡುವಿನಲ್ಲಿ ಗೆಳೆಯನಿಗೆ ಬಿಡಿಸಿ ತೋರಿಸುವಾಗ ಅಲಗು ಮಡಚಿಕೊಂಡು ತೋರುಬೆರಳು ಎಲುಬಿನ ವರೆಗೆ ಕೊಯ್ದಿತು. ಬೆರಳು ಉಳಿಯಿತು, ಮೇಲಿನ ಗಂಟು ಈಗಲೂ ಪೂರ್ತಿ ಬಾಗುವುದಿಲ್ಲ, ಪೆನ್ನನ್ನು ಬೇರೆ ಬಗೆಯಾಗಿ ಹಿಡಿಯುತ್ತಾನೆ. ತಂದೆಯನ್ನು ಕರೆಸಿದಾಗ ಅವರು ಮೊದಲು ಹೇಳಿದ ಮಾತು, “ಮಾಸ್ಟ್ರೇ, ಇದು ನಮ್ಮ ಮನೆಯದು ಎಂದು ನನಗೆ ಗುರುತೇ ಹತ್ತುವುದಿಲ್ಲ.” ಚೂರಿ ಕಪಾಟಿನಿಂದ ಹೋಗಿ ಎಂಟು ದಿನವಾಗಿತ್ತು. ಒಂದೇ ಚೂರಿಯ ಮನೆಯಲ್ಲಿ ಎಂಟು ಗಳಿಗೆಯೊಳಗೆ ಹುಡುಕಾಟ ಆರಂಭವಾಗುತ್ತಿತ್ತು.

ಆಸೆಯನ್ನು ಬರಿಯ ‘ಬೇಡ’ದಿಂದ ತಡೆಯಲಾಗದು. ಅಧ್ಯಾಪಕರ ತರಬೇತಿಯಲ್ಲಿ ನಮಗೆ ಕಲಿಸಿದ ಒಂದು ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಮಗುವಿನ ಕೈಯಿಂದ ಒಂದು ವಸ್ತುವನ್ನು ಬಿಡಿಸಬೇಕಾದರೆ ಆ ಕೈಗೆ ಬೇರೆ ಕೆಲಸ ಕೊಡಬೇಕು. ದೊಡ್ಡವರ ಕೈಯೂ ಅದೇ. ರಾತ್ರಿ ಮೊಬೈಲು ಹಿಡಿದು ಚೂರಿಯ ಚಿತ್ರ ನೋಡುವ ಹೊತ್ತಿಗೆ ಕಲ್ಲು ಹಿಡಿದು ಇದ್ದುದನ್ನು ಮಸೆಯಿರಿ. ಅರ್ಧ ಗಂಟೆಯಲ್ಲಿ ಹಳೆಯದು ಹೊಸದಾಗುತ್ತದೆ, ಆಸೆಯ ಬಿಸಿಯೂ ಇಳಿಯುತ್ತದೆ. ಅಷ್ಟಕ್ಕೂ ಇಳಿಯದಿದ್ದರೆ ಜಮಾಖರ್ಚಿನ ಪುಸ್ತಕದ ಹಿಂದಿನ ಹಾಳೆಯಲ್ಲಿ ತಾರೀಕು ಹಾಕಿ, ಯಾವ ಚೂರಿ, ಯಾವ ಕೆಲಸಕ್ಕೆ, ಇದ್ದುದರಿಂದ ಆ ಕೆಲಸ ಏಕೆ ಆಗದು ಎಂದು ಬರೆದಿಡಿರಿ. ಅಡಿಕೆಯ ಒಂದು ಕೊಯ್ಲಿನಿಂದ ಮುಂದಿನ ಕೊಯ್ಲಿನ ವರೆಗೆ ಕಾಯಿರಿ. ಮೂರನೆಯ ಪ್ರಶ್ನೆಗೆ ಉತ್ತರ ಆಗಲೂ ನಿಂತರೆ ಧಾರಾಳವಾಗಿ ಕೊಳ್ಳಿರಿ; ನಾವು ಬೇಡವೆನ್ನುವುದಿಲ್ಲ. ಕಸಿ ಕಟ್ಟುವವರಿಗೆ ಬೇರೆಯೇ ಚೂರಿ ಬೇಕು, ಹಗ್ಗ ಗೋಣಿ ಕೊಯ್ಯುವ ಚೂರಿಯನ್ನು ಅದಕ್ಕೆ ಬಳಸಲಾಗದು. ರೋಗ ಹತ್ತಿದ ಮೆಣಸಿನ ಬಳ್ಳಿಯನ್ನು ಕೊಯ್ದ ಅಲಗನ್ನು ತೊಳೆಯದೆ ಒಳ್ಳೆಯ ಬಳ್ಳಿಗೆ ತಾಗಿಸಬಾರದು. ಅದಕ್ಕೊಂದು ಬೇರೆ ಇಟ್ಟರೆ ಇನ್ನೂ ಒಳ್ಳೆಯದು. ಹೀಗೆ ಲೆಕ್ಕ ಹಾಕಿದರೂ ಮೂರು ದಾಟುವುದಿಲ್ಲ. ನಮ್ಮ ನೆರೆಯ ಅಜ್ಜರೊಬ್ಬರಿಗೆ ಒಂದೇ. “ಮದುವೆಯಾದ ವರ್ಷ ಕೊಂಡದ್ದು ಮಾಸ್ಟ್ರೇ. ಅಲಗು ಅರ್ಧ ಸವೆದಿದೆ. ನನ್ನ ಕಾಲಕ್ಕೆ ಅಷ್ಟು ಸಾಕು” ಎನ್ನುತ್ತಾರೆ.

ಹೆಚ್ಚಾದ ಚೂರಿಗಳನ್ನು ಏನು ಮಾಡಬೇಕು? ಮಸೆದು, ತೋಟಕ್ಕೆ ಬರುವ ಆಳುಗಳಿಗೆ ಕೊಡಬಹುದು. ಅವರ ಕೈಯಲ್ಲಿ ಕುಂಕುಮ ನಿಲ್ಲುವುದಿಲ್ಲ. ಒಂದನ್ನು ಮಾತ್ರ, ತುಕ್ಕು ಹಿಡಿಯುವ ಹಳೆಯ ಕಬ್ಬಿಣದ ಅಲಗಿನದನ್ನು, ಬೋರ್ಡೋ ಮದ್ದಿನ ಸಾಮಾನುಗಳ ಬಳಿ ತೂಗುಹಾಕಿರಿ. ಮಳೆ ಹಿಡಿಯುವುದಕ್ಕೆ ಮೊದಲು ಒಂದು ಕಿಲೋ ಮೈಲುತುತ್ತನ್ನು ೫೦ ಲೀಟರ್ ನೀರಿನಲ್ಲಿಯೂ, ಒಂದು ಕಿಲೋ ಸುಣ್ಣವನ್ನು ಇನ್ನೊಂದು ೫೦ ಲೀಟರಿನಲ್ಲಿಯೂ ಕರಗಿಸಿ ಕೂಡಿಸುತ್ತೇವಲ್ಲ, ಆಗ ಈ ಚೂರಿಯ ಅಲಗನ್ನು ಚೆನ್ನಾಗಿ ಉಜ್ಜಿ ಹೊಳಪು ಬರಿಸಿ ಮದ್ದಿನಲ್ಲಿ ಒಂದು ನಿಮಿಷ ಅದ್ದಿ ತೆಗೆಯಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. ಅದೇ ಮದ್ದನ್ನು ಬಿಟ್ಟರೆ ಎಳೆಯ ಕಾಯಿ, ಸೋಗೆ ಸುಡುತ್ತವೆ. ಇನ್ನಷ್ಟು ಸುಣ್ಣದ ನೀರು ಸೇರಿಸಿ ಮತ್ತೆ ಅದ್ದಿ ನೋಡಬೇಕು. ಕೆಂಪು ಕಾಣದಿದ್ದರೆ ಮದ್ದು ಬಿಡಬಹುದು. ಹೊಸ ಹೊಳೆಯುವ ತುಕ್ಕು ಹಿಡಿಯದ ಚೂರಿಯನ್ನು ಈ ಪರೀಕ್ಷೆಗೆ ನಂಬಬಾರದು, ಅದರ ಮೇಲೆ ತಾಮ್ರ ಸುಲಭವಾಗಿ ಕೂರುವುದಿಲ್ಲ. ಪರೀಕ್ಷೆ ಮುಗಿದ ಕೂಡಲೇ ಅಲಗನ್ನು ಒಳ್ಳೆಯ ನೀರಿನಲ್ಲಿ ತೊಳೆದು, ಒರಸಿ, ಎಣ್ಣೆ ಮುಟ್ಟಿಸಿ ಇಡಿರಿ. ಒಂದೂವರೆ ತಿಂಗಳು ಕಳೆದು ಎರಡನೆಯ ಸಲ ಮದ್ದು ಬಿಡುವಾಗ ಅದೇ ಬೇಕು.