ಗೈಡ್ ಕೆಲಸ ಕಲಿಯಲು ಯಾರ ಬೆನ್ನು ಹತ್ತಬೇಕು?

ಡಿಗ್ರಿ ಮುಗಿಸಿ ಹಂಪಿಯಲ್ಲಿ ಗೈಡ್ ಆಗಬೇಕೆಂದಿರುವ ಕಮಲಾಪುರ, ಹೊಸಪೇಟೆ, ಕಂಪ್ಲಿ ಸುತ್ತಿನ ಹುಡುಗ ಹುಡುಗಿಯರಿಗಾಗಿ ಈ ಬರಹ. ಪ್ರವಾಸೋದ್ಯಮ ಇಲಾಖೆಯ ತರಬೇತಿ, ಗುರುತಿನ ಚೀಟಿ ಬೇಕೇ ಬೇಕು. ಚೀಟಿ ಕೊರಳಿಗೆ ಬಿದ್ದ ಮೇಲೆ ಕಲಿಯುವುದು ಅದಕ್ಕಿಂತ ಹೆಚ್ಚಿದೆ. ಅದನ್ನು ಕಲಿಸುವವರು ಊರಲ್ಲೇ ಇದ್ದಾರೆ.

ಮೊದಲು ಒಂದು ಪಟ್ಟಿ ಮಾಡಿ

ನಿಮಗೆ ಪರಿಚಯವಿರುವ ಹತ್ತು ಜನರ ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ಅವರಿಗೆ ಗೊತ್ತಿದ್ದು ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಬರೆಯಿರಿ. ಹರಿಗೋಲು ಹಾಕುವವರು, ಆಟೊದವರು, ತುರ್ತಾ ಕಾಲುವೆಯ ನೀರಲ್ಲಿ ಬಾಳೆ ಬೆಳೆಯುವ ರೈತ, ಗುಡಿಯ ಅರ್ಚಕರು ಎಲ್ಲರೂ ಈ ಪಟ್ಟಿಯಲ್ಲಿ ಬರಲಿ. ಹತ್ತೂ ಜನ ಗೈಡುಗಳೇ ಆಗಿದ್ದರೆ ಪಟ್ಟಿ ಹರಿದು ಹೊಸದಾಗಿ ಬರೆಯಿರಿ.

ಹೀಗೆ ಹೇಳಲು ಕಾರಣವಿದೆ. 1980ರಿಂದ ಸುಮಾರು ಎರಡು ದಶಕ ಹಂಪಿಯ ಸರ್ವೇಕ್ಷಣೆ ನಡೆಸಿದ ಜಾನ್ ಫ್ರಿಟ್ಜ್ ಪುರಾತತ್ವಜ್ಞ, ಜಾರ್ಜ್ ಮಿಷೆಲ್ ವಾಸ್ತುಶಿಲ್ಪದ ಇತಿಹಾಸಕಾರ. ಒಬ್ಬರ ಕಣ್ಣು ದಾರಿ, ಗೋಡೆ, ಮಡಕೆ ಚೂರುಗಳ ಮೇಲೆ. ಇನ್ನೊಬ್ಬರದು ಕಂಬ, ಗೋಪುರಗಳ ಮೇಲೆ. ಆಮೇಲೆ ಖಗೋಳ ವಿಜ್ಞಾನಿ ಮಾಲ್ವಿಲ್ ಕೂಡಿಕೊಂಡರು. ಹಜಾರರಾಮ ದೇವಾಲಯದಿಂದ ನೇರ ಉತ್ತರಕ್ಕೆ ನೋಡಿದರೆ ಮತಂಗ ಬೆಟ್ಟದ ತುದಿಯ ವೀರಭದ್ರ ಗುಡಿ ಸಿಗುತ್ತದೆ ಎಂಬ ಲೆಕ್ಕ ಇಂಥ ಕೂಡು ಕೆಲಸದಿಂದ ಬಂದದ್ದು. ಒಂದೇ ಕಸುಬಿನವರು ಎಷ್ಟು ಜನ ಸೇರಿದರೂ ಇದು ಕಾಣುತ್ತಿತ್ತೇ ಎಂಬುದು ನನ್ನ ಅನುಮಾನ.

ಹಿರಿಯ ಗೈಡ್ ಜೊತೆ ನಡೆಯುವುದು

ಹಿಂದಿನ ದಿನವೇ ಕೇಳಿ ಒಪ್ಪಿಗೆ ಪಡೆಯಿರಿ. 'ಅಣ್ಣಾ, ನಾಳೆ ನಿಮ್ಮ ಹಿಂದ ಬರ್ಲೇನ್ರಿ? ನಡುವ ಬಾಯಿ ಹಾಕಂಗಿಲ್ಲ' ಎಂದರೆ ಸಾಕು. ಪ್ರವಾಸಿಗರ ಎದುರು ಅವರ ಮಾತು ತಿದ್ದಬೇಡಿ, ಅವರ ಗಿರಾಕಿಗೆ ನಿಮ್ಮ ಫೋನ್ ನಂಬರ್ ಕೊಡಬೇಡಿ. ಇದೊಂದು ತಪ್ಪು ಮಾಡಿದರೆ ಊರಿನ ಬಾಗಿಲೆಲ್ಲ ಮುಚ್ಚುತ್ತದೆ. ಸಂದೇಹ ಇದ್ದರೆ ಚೀಟಿಯಲ್ಲಿ ಬರೆದುಕೊಂಡು ಸಂಜೆ ಚಹಾ ಕುಡಿಯುವಾಗ ಕೇಳಿ. ಕಮಲಾಪುರ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಇಡೀ ಹಂಪಿಯ ಮಾದರಿ ಇದೆ. ಅಂದು ನಡೆದ ದಾರಿಯನ್ನು ಅದರ ಮುಂದೆ ನಿಂತು ಅವರಿಂದಲೇ ಇನ್ನೊಮ್ಮೆ ಹೇಳಿಸಿ. ದಿಕ್ಕು ತಲೆಯಲ್ಲಿ ಕೂರುತ್ತದೆ.

ಚಿಕ್ಕ ಪ್ರಶ್ನೆ ಕೇಳಿ

'ಹಂಪಿ ಬಗ್ಗೆ ಹೇಳಿ' ಎಂದರೆ ಯಾರೂ ಏನೂ ಹೇಳಲಾರರು. 'ಹೊಳ್ಯಾಗ ನೀರು ಎಲ್ಲೀತನ ಏರಿದ್ರ ಹರಿಗೋಲು ನಿಲ್ಲಸ್ತೀರಿ?' ಎಂದು ಕೇಳಿ. ಅಂಬಿಗರು ಕಲ್ಲಿನ ಗುರುತು ತೋರಿಸುತ್ತಾರೆ, ಅಣೆಕಟ್ಟೆಯ ಗೇಟು ತೆಗೆದಾಗಿನ ಕಥೆಯೂ ಬರುತ್ತದೆ. ವಿರೂಪಾಕ್ಷ ಗುಡಿಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುವ ಗೋಡೆಯನ್ನು ಎಲ್ಲರೂ ತೋರಿಸುತ್ತಾರೆ; ಯಾವ ಹೊತ್ತಿಗೆ ಚೆನ್ನಾಗಿ ಕಾಣುತ್ತದೆ ಎಂದು ದಿನವೂ ಅಲ್ಲಿರುವವರನ್ನು ಕೇಳಿ.

ಕೇಳಿದ್ದನ್ನು ಸೋಸಿ

ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಇರಲಿ: 'ಜನ ಹೇಳುವುದು', 'ಶಾಸನ ಹೇಳುವುದು'. ಎರಡೂ ಬೇಕು, ಬೆರೆಸಬಾರದು. ಉದಯಗಿರಿ ಗೆದ್ದು ತಂದ ಬಾಲಕೃಷ್ಣನನ್ನು ಕೃಷ್ಣದೇವರಾಯ 1515ರಲ್ಲಿ ಕೃಷ್ಣ ದೇವಾಲಯದಲ್ಲಿ ಪ್ರತಿಷ್ಠಾಪಿಸಿದ್ದಕ್ಕೆ ಶಾಸನವಿದೆ. ಅದನ್ನು ಧೈರ್ಯವಾಗಿ ಹೇಳಬಹುದು. ಅನುಮಾನ ಬಂದರೆ 1991ರಲ್ಲಿ ಹುಟ್ಟಿದ ಕನ್ನಡ ವಿಶ್ವವಿದ್ಯಾಲಯ ಪಕ್ಕದಲ್ಲೇ ಇದೆ. ಅದರ ಪ್ರಕಟಣಾ ವಿಭಾಗವಾದ ಪ್ರಸಾರಾಂಗದ ಪುಸ್ತಕ ಓದಿ, ಓದಿದ ಮೇಲೆ ಅಧ್ಯಾಪಕರ ಬಳಿ ಹೋಗಿ. ಓದದೆ ಹೋದವರಿಗೆ ಅವರೂ ಪುಸ್ತಕದ ಹೆಸರು ಹೇಳಿ ಕಳಿಸುತ್ತಾರೆ, ಅದು ಸರಿಯೂ ಹೌದು.

ಬೇಲಿಯಾಚೆಗೂ ಹೋಗಿ

ವರ್ಷಕ್ಕೆ ಕೆಲವು ದಿನ ಬೇರೆ ಕಸುಬಿನವರಿಗೆ ಮೀಸಲಿಡಿ. ದರೋಜಿ ಕರಡಿಧಾಮದ ಅರಣ್ಯ ಸಿಬ್ಬಂದಿಯಿಂದ ಬಂಡೆ, ಹಕ್ಕಿ, ಹೆಜ್ಜೆ ಗುರುತು ಕಲಿಯಬಹುದು. ಸಂಡೂರು ಕುಶಲಕಲಾ ಕೇಂದ್ರದ ಲಂಬಾಣಿ ಹೆಣ್ಣುಮಕ್ಕಳು ಹೊಲಿದ 1755 ವಸ್ತುಗಳು 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಪ್ರದರ್ಶನಗೊಂಡು ಗಿನ್ನೆಸ್ ದಾಖಲೆಯಾದವು. ಒಂದು ದಿನ ಅವರ ಹತ್ತಿರ ಕೂತು ಒಂದು ಹೊಲಿಗೆಯ ಹೆಸರಾದರೂ ಕಲಿತು ಬನ್ನಿ. ಆ ಬಟ್ಟೆಯ ಬೆಲೆ ಯಾಕೆ ಅಷ್ಟು ಎಂದು ಪ್ರವಾಸಿಗರಿಗೆ ವಿವರಿಸುವಾಗ ಮಾತಿಗೆ ತೂಕ ಬರುತ್ತದೆ.

ಋಣ ಇಟ್ಟುಕೊಳ್ಳಬೇಡಿ

ಕಲಿಸಿದವರಿಗೆ ಏನಾದರೂ ಮರಳಬೇಕು. ಅವರ ಕೆಲಸದ ಒಳ್ಳೆಯ ಫೋಟೊ ತೆಗೆದು ಕೊಡಿ, ನಿಮಗೆ ಬಿಡುವಿಲ್ಲದ ದಿನ ಬಂದ ಗಿರಾಕಿಯನ್ನು ಅವರಿಗೆ ಕಳಿಸಿ, ಅವರು ಹೇಳಿದ್ದನ್ನು ಹೇಳುವಾಗ ಅವರ ಹೆಸರು ಹೇಳಿ. ಹೆಸರು ಹೇಳುವುದಕ್ಕೆ ಕಾಸು ಖರ್ಚಿಲ್ಲ, ಆದರೂ ಹೆಚ್ಚಿನವರು ಮರೆಯುತ್ತಾರೆ. ಇದು ನನಗೆ ಬೇಸರದ ಸಂಗತಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಶುಭೋದಯದ ಚಿತ್ರ ಹಾಕುವ ಬದಲು ಯಾವ ದಾರಿ ಇಂದು ಮುಚ್ಚಿದೆ ಎಂದು ತಿಳಿಸಿ.

ಇವರನ್ನೆಲ್ಲ ಭೇಟಿಯಾಗಲು ಏಪ್ರಿಲ್, ಮೇ ಒಳ್ಳೆಯ ಕಾಲ. ಬಂಡೆ ಕಾದು ಪ್ರವಾಸಿಗರು ಕಡಿಮೆಯಾದಾಗ ಎಲ್ಲರಿಗೂ ಮಾತಾಡಲು ಬಿಡುವಿರುತ್ತದೆ. ಬೆಳಿಗ್ಗೆ ಎಂಟರೊಳಗೆ ಹೋಗಿ. ಬರಿಗೈಲಿ ಹೋಗಬೇಡಿ, ಒಂದು ಚಿಪ್ಪು ಸುಗಂಧಿ ಬಾಳೆಹಣ್ಣು ಇರಲಿ.