ಯುಗಾಂತರ ಸಮರ: ಭಿನ್ನ ಕಾಲದ ಸೇನೆಗಳ ಕಾಲ್ಪನಿಕ ಕದನ – ಒಂದು ವಿವೇಚನೆ

1

ಬೇರೆ ಬೇರೆ ಕಾಲಗಳಲ್ಲಿ ಬಾಳಿದ ವೀರರನ್ನು ಒಂದೇ ರಣರಂಗದಲ್ಲಿ ಎದುರುಬದುರು ನಿಲ್ಲಿಸಿ, ಗೆಲುವು ಯಾರದಾಗುತ್ತಿತ್ತು ಎಂದು ಕೇಳುವ ಕುತೂಹಲ ಮನುಷ್ಯಸಹಜವಾದುದು. ಕ್ರಿ.ಶ. ಎರಡನೆಯ ಶತಮಾನದ ಲೂಸಿಯನ್ ಗ್ರೀಕ್ ಭಾಷೆಯಲ್ಲಿ ಬರೆದ ಮೃತರ ಸಂವಾದಗಳಲ್ಲಿ ಅಲೆಗ್ಸಾಂಡರ್, ಹ್ಯಾನಿಬಲ್ ಮತ್ತು ಸಿಪಿಯೊ ಪರಲೋಕದಲ್ಲಿ ಸಂಧಿಸುತ್ತಾರೆ. ತಮ್ಮಲ್ಲಿ ಹಿರಿಯನಾರೆಂಬ ವ್ಯಾಜ್ಯ ನ್ಯಾಯಾಧಿಪತಿ ಮಿನೋಸನ ಮುಂದೆ ಬರುತ್ತದೆ. ಅಲೆಗ್ಸಾಂಡರನಿಗೆ ಮೊದಲ ಸ್ಥಾನ, ಸಿಪಿಯೊಗೆ ಎರಡನೆಯದು, ಹ್ಯಾನಿಬಲನಿಗೆ ಮೂರನೆಯದು ಎಂದು ತೀರ್ಪಾಗುತ್ತದೆ. ಲೂಸಿಯನನಿಗೆ ಇದು ವಿಡಂಬನೆಯ ವಸ್ತು. ಆದರೆ ಅದೇ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡ ಇತಿಹಾಸಕಾರರೂ ಕವಿಗಳೂ ಇದ್ದಾರೆ. ಇಂಥ ಕಲ್ಪನೆ ಎಷ್ಟರಮಟ್ಟಿಗೆ ವಿಚಾರ, ಎಷ್ಟರಮಟ್ಟಿಗೆ ಅಭಿಮಾನ ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಅಗಸ್ಟಸನ ಕಾಲದ ರೋಮನ್ ಇತಿಹಾಸಕಾರ ಲಿವಿ ತನ್ನ ಬೃಹತ್ ಇತಿಹಾಸದ ಒಂಬತ್ತನೆಯ ಸಂಪುಟದಲ್ಲಿ ಕಥನವನ್ನು ತಡೆದು ನಿಲ್ಲಿಸಿ ಒಂದು ಪ್ರಶ್ನೆ ಹಾಕಿಕೊಳ್ಳುತ್ತಾನೆ: ಅಲೆಗ್ಸಾಂಡರ್ ಪೂರ್ವಕ್ಕೆ ಹೋದಂತೆ ಪಶ್ಚಿಮಕ್ಕೆ ತಿರುಗಿ ಇಟಲಿಯ ಮೇಲೆ ದಂಡೆತ್ತಿ ಬಂದಿದ್ದರೆ ಏನಾಗುತ್ತಿತ್ತು? ಕ್ರಿ.ಪೂ. 323ರಲ್ಲಿ ಮಡಿದ ಅರಸನನ್ನು ಕುರಿತು ಸುಮಾರು ಮುನ್ನೂರು ವರ್ಷಗಳ ಅನಂತರ ನಡೆದ ಈ ವಿಚಾರಣೆಯನ್ನು, ನಡೆಯದ ಇತಿಹಾಸವನ್ನು ಕ್ರಮವಾಗಿ ತರ್ಕಿಸಿದ ಅತ್ಯಂತ ಪ್ರಾಚೀನ ಬರಹಗಳಲ್ಲೊಂದೆಂದು ಪರಿಗಣಿಸಲಾಗಿದೆ.

ಲಿವಿಯ ವಾದಕ್ರಮ ಅಚ್ಚುಕಟ್ಟಾದುದು. ಮೊದಲನೆಯದಾಗಿ ನಾಯಕತ್ವ: ಮ್ಯಾಸಿಡೋನಿಯಕ್ಕೆ ಇದ್ದವನು ಒಬ್ಬ ಅಲೆಗ್ಸಾಂಡರ್, ರೋಮಿನಲ್ಲಾದರೋ ಸಮರ್ಥ ಸೇನಾನಿಗಳ ಸಾಲೇ ಇತ್ತು. ಅವನು ಎಳೆಯ ಪ್ರಾಯದಲ್ಲೇ ತೀರಿಕೊಂಡುದರಿಂದ ವಿಧಿಯ ಏರಿಳಿತವನ್ನು ಕಾಣಲೇ ಇಲ್ಲ. ಎರಡನೆಯದಾಗಿ ಸಂಖ್ಯೆ: ಅಲೆಗ್ಸಾಂಡರ್ 30,000 ಪದಾತಿಗಳನ್ನೂ 4,000 ಕುದುರೆ ಸವಾರರನ್ನೂ ಮೀರಿ ತರಲಾರನು, ರೋಮಿನ ಜನಗಣತಿಯಲ್ಲಿ 2,50,000 ಮಂದಿ ನಾಗರಿಕರಿದ್ದರು. ಮೂರನೆಯದಾಗಿ ವ್ಯೂಹ: ಮ್ಯಾಸಿಡೋನಿಯದ ಫ್ಯಾಲಂಕ್ಸ್ ಒಂದೇ ಘನರಾಶಿಯಾಗಿ ನಿಲ್ಲುವಂಥದು, ರೋಮನ್ ಪಂಕ್ತಿ ಹಲವು ತುಕಡಿಗಳಾಗಿ ಒಡೆಯಬಲ್ಲದು, ಮತ್ತೆ ಕೂಡಬಲ್ಲದು. ಆದುದರಿಂದ ಜಯ ರೋಮಿನದೇ ಎಂಬುದು ಅವನ ನಿರ್ಣಯ.

ಇಲ್ಲಿ ಗಮನಿಸಬೇಕಾದುದು ಈ ಪ್ರಸಂಗದ ಸ್ಥಾನ. ಕ್ರಿ.ಪೂ. 321ರಲ್ಲಿ, ಎಂದರೆ ಅಲೆಗ್ಸಾಂಡರ್ ಮಡಿದ ಎರಡೇ ವರ್ಷಗಳಲ್ಲಿ, ಕಾಡಿನ್ ಕಣಿವೆಯಲ್ಲಿ ರೋಮನ್ ಸೇನೆ ಸ್ಯಾಮ್ನೈಟ್ ಗುಡ್ಡಗಾಡಿಗರ ಬಲೆಗೆ ಬಿದ್ದು, ಆಯುಧಗಳನ್ನು ಒಪ್ಪಿಸಿ, ಈಟಿಗಳಿಂದ ಕಟ್ಟಿದ ನೊಗದ ಕೆಳಗೆ ತಲೆಬಾಗಿ ನುಸುಳಬೇಕಾಯಿತು. ಆ ಅವಮಾನದ ವಿಸ್ತಾರವಾದ ವರ್ಣನೆ ಇರುವುದು ಇದೇ ಒಂಬತ್ತನೆಯ ಸಂಪುಟದ ಆರಂಭದಲ್ಲಿ. ಅಲೆಗ್ಸಾಂಡರನ ಮೇಲಿನ ಕಾಲ್ಪನಿಕ ವಿಜಯ ಬರುವುದು ಅದರ ಬೆನ್ನಿಗೇ. ಲಿವಿಯ ಸ್ವಂತ ಕಾಲದ ಗಾಯವೂ ಇದರಲ್ಲಿ ಸೇರಿದೆ. ಕ್ರಿ.ಪೂ. 53ರಲ್ಲಿ ಕ್ಯಾರೆ ಎಂಬಲ್ಲಿ ಪಾರ್ಥಿಯನ್ನರು ರೋಮನ್ ಸೇನೆಯನ್ನು ಧೂಳೀಪಟ ಮಾಡಿದ್ದರು. ಪಾರ್ಥಿಯದ ಕೀರ್ತಿಯನ್ನು ಹೊಗಳುವ ಗ್ರೀಕರ ಮೇಲಿನ ಸಿಟ್ಟನ್ನು ಲಿವಿ ಈ ಪ್ರಸಂಗದಲ್ಲೇ ಬಹಿರಂಗವಾಗಿ ತೋರುತ್ತಾನೆ. ಕಾಲ್ಪನಿಕ ಸಮರ ಇಲ್ಲಿ ನೈಜ ಸೋಲಿಗೆ ಹಚ್ಚಿದ ಲೇಪವೆಂದರೆ ತಪ್ಪಾಗಲಾರದು.

3

ಹಾಗೆಂದು ಲಿವಿಯ ವಾದವನ್ನು ಕೇವಲ ಜಂಬವೆಂದು ತಳ್ಳಿಹಾಕುವುದು ಸಾಧುವಲ್ಲ. ಅದನ್ನು ಒರೆಗೆ ಹಚ್ಚಲು ನಿಜವಾಗಿ ನಡೆದ ಯುದ್ಧಗಳ ಸಾಕ್ಷ್ಯವಿದೆ. ಅಲೆಗ್ಸಾಂಡರನ ಪರಂಪರೆಯ ವ್ಯೂಹದೊಡನೆ ಎಪಿರಸ್ಸಿನ ಪಿರ್ಹಸ್ ಇಟಲಿಗೆ ಬಂದು ಕ್ರಿ.ಪೂ. 280ರಲ್ಲಿ ಹೆರಾಕ್ಲಿಯದಲ್ಲಿ, 279ರಲ್ಲಿ ಆಸ್ಕ್ಯುಲಮ್‌ನಲ್ಲಿ ರೋಮನ್ನರನ್ನು ಸೋಲಿಸಿದನು. ಆದರೆ ಗೆಲುವಿಗೆ ತೆತ್ತ ಬೆಲೆಯನ್ನು ಅವನು ತುಂಬಿಕೊಳ್ಳಲಾರದೆ ಹೋದನು. ರೋಮ್ ಹೊಸ ಸೇನೆಗಳನ್ನು ಕಟ್ಟುತ್ತಲೇ ಇತ್ತು. ಲಿವಿಯ ಮೂರು ವಾದಗಳಲ್ಲಿ ಸಂಖ್ಯೆಯನ್ನು ಕುರಿತದ್ದೇ ಗಟ್ಟಿಯಾದುದೆಂದು ಇದರಿಂದ ತಿಳಿಯುತ್ತದೆ. ಸೋತ ಮೇಲೂ ಮತ್ತೆ ನಿಲ್ಲುವ ಶಕ್ತಿ ಆಯುಧಕ್ಕಿಂತ ಮಿಗಿಲಾಗಿ ರಾಜ್ಯವ್ಯವಸ್ಥೆಗೆ ಸೇರಿದ್ದು.

ವ್ಯೂಹಗಳ ತುಲನೆಯನ್ನು ಹೆಚ್ಚು ನಿಷ್ಪಕ್ಷಪಾತವಾಗಿ ಮಾಡಿದವನು ಕ್ರಿ.ಪೂ. ಎರಡನೆಯ ಶತಮಾನದ ಪಾಲಿಬಿಯಸ್. ಅವನ ವಿವರಣೆಯಂತೆ ಫ್ಯಾಲಂಕ್ಸಿನ ಯೋಧನ ಉದ್ದನೆಯ ಈಟಿ ಹದಿನಾಲ್ಕು ಮೊಳ. ಐದು ಸಾಲುಗಳ ಈಟಿಮೊನೆಗಳು ಮುಂಚೂಣಿಯಿಂದ ಹೊರಚಾಚುತ್ತವೆ. ರೋಮನ್ ಯೋಧನಿಗೆ ಕತ್ತಿ ಬೀಸಲು ಹೆಚ್ಚು ಅವಕಾಶ ಬೇಕಾದುದರಿಂದ ಒಬ್ಬೊಬ್ಬನೂ ಇಬ್ಬರು ವೈರಿಗಳನ್ನೂ ಹತ್ತು ಈಟಿಗಳನ್ನೂ ಎದುರಿಸಬೇಕು. ಹೀಗಿದ್ದೂ ಕ್ರಿ.ಪೂ. 197ರಲ್ಲಿ ಸೈನೊಸೆಫಲೆಯಲ್ಲಿ ರೋಮ್ ಗೆದ್ದಿತು. ಹಳ್ಳ, ದಿಣ್ಣೆ, ಮರಗಳಿಲ್ಲದ ಸಮತಟ್ಟಾದ ನೆಲವಿಲ್ಲದೆ ಫ್ಯಾಲಂಕ್ಸ್ ಒಗ್ಗಟ್ಟನ್ನು ಕಾಯ್ದುಕೊಳ್ಳಲಾರದು. ರೋಮನ್ ಸೈನಿಕ ಎಲ್ಲ ನೆಲಕ್ಕೂ ಎಲ್ಲ ಹೊತ್ತಿಗೂ ಒದಗುವವನು ಎಂಬುದು ಪಾಲಿಬಿಯಸ್ ಕೊಡುವ ಕಾರಣ.

ಆದರೆ 197ರ ಮ್ಯಾಸಿಡೋನಿಯದ ಸೇನೆ ಅಲೆಗ್ಸಾಂಡರನ ಸೇನೆಯಾಗಿರಲಿಲ್ಲ. ಅಲೆಗ್ಸಾಂಡರನ ಕಾಲದಲ್ಲಿ ಫ್ಯಾಲಂಕ್ಸ್ ಶತ್ರುವನ್ನು ಹಿಡಿದು ನಿಲ್ಲಿಸುವ ಅಡಿಗಲ್ಲು. ಸುತ್ತಿಗೆಯ ಪೆಟ್ಟು ಕೊಡುತ್ತಿದ್ದುದು ಅಶ್ವದಳ. ಮುಂದಿನ ಅರಸರ ಕಾಲಕ್ಕೆ ಆ ಅಶ್ವದಳ ಕ್ಷೀಣಿಸಿತ್ತು. ಅತ್ತ 323ರ ರೋಮನ್ ಸೇನೆಯೂ 197ರ ಸೇನೆಯಂತೆ ಪಕ್ವವಾಗಿರಲಿಲ್ಲ. ಲಿವಿ ತಿಳಿದೋ ತಿಳಿಯದೆಯೋ ಒಂದು ಕಾಲದ ಅಲೆಗ್ಸಾಂಡರನ ಎದುರಿಗೆ ಇನ್ನೊಂದು ಕಾಲದ ರೋಮನ್ನು ನಿಲ್ಲಿಸಿದ್ದಾನೆ. ಸಮಕಾಲೀನರ ಕದನವೆಂದು ತೋರುವುದು ನಿಜದಲ್ಲಿ ಯುಗಾಂತರ ಸಮರವೇ ಆಗಿದೆ.

4

ಆಯುಧಗಳ ಅಂತರ ಹೆಚ್ಚಿದಂತೆ ಪ್ರಶ್ನೆ ಸರಳವಾಗುತ್ತದೆಂದು ತೋರಬಹುದು. ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1916ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಯುಗಭೇದಕ್ಕೆ ಗಣಿತದ ರೂಪ ಕೊಟ್ಟನು. ಕತ್ತಿಯ ಯುದ್ಧದಲ್ಲಿ ಒಬ್ಬನಿಗೆ ಒಬ್ಬನೇ ಎದುರಾಳಿ. ಸಮಬಲರಾದ 1,000 ಮಂದಿ 500 ಮಂದಿಯನ್ನು ನಿರ್ನಾಮ ಮಾಡುವಷ್ಟರಲ್ಲಿ ತಾವೂ ಸುಮಾರು 500 ಮಂದಿಯನ್ನು ಕಳೆದುಕೊಳ್ಳುತ್ತಾರೆ. ಗುರಿಯಿಟ್ಟು ಗುಂಡು ಹಾರಿಸುವ ಯುದ್ಧದಲ್ಲಿ ಹಲವರು ಒಬ್ಬನ ಮೇಲೆ ಗುರಿಯಿಡಬಹುದಾದುದರಿಂದ ಬಲವು ಸಂಖ್ಯೆಯ ವರ್ಗಕ್ಕೆ ಅನುಗುಣವಾಗುತ್ತದೆ. ಅಲ್ಲಿ ಅದೇ 1,000 ಮಂದಿಯ ನಷ್ಟ ಸುಮಾರು 134 ಮಾತ್ರ. ಎಂದರೆ ಯುಗ ಬದಲಾದಾಗ ಆಯುಧದೊಡನೆ ಕದನದ ಲೆಕ್ಕಾಚಾರವೂ ಬದಲಾಗುತ್ತದೆ. ಎರಡು ಯುಗಗಳ ಸೇನೆಗಳು ಎದುರಾದಾಗ ಯಾವ ಲೆಕ್ಕ ನಡೆಯಬೇಕೆಂಬುದನ್ನು ನಿರ್ಧರಿಸುವುದು ನೆಲ ಮತ್ತು ಅಂತರ.

ಇತಿಹಾಸವೇ ಇದನ್ನು ಎರಡು ಬಗೆಯಾಗಿ ತೋರಿಸಿದೆ. 1898ರಲ್ಲಿ ಸುಡಾನಿನ ಓಮ್ಡುರ್ಮಾನ್ ಬಯಲಿನಲ್ಲಿ ಮ್ಯಾಕ್ಸಿಮ್ ಬಂದೂಕುಗಳ ಮುಂದೆ ಮಹದಿಯ ಅನುಯಾಯಿಗಳು ಸುಮಾರು 10,000 ಮಂದಿ ಮಡಿದರು. ಆಂಗ್ಲೋ-ಈಜಿಪ್ಷಿಯನ್ ಸೇನೆಯಲ್ಲಿ ಸತ್ತವರು ಐವತ್ತಕ್ಕೂ ಕಡಿಮೆ. ಆದರೆ ಅದಕ್ಕೆ ಹತ್ತೊಂಬತ್ತು ವರ್ಷ ಮುಂಚೆ, 1879ರ ಜನವರಿ 22ರಂದು, ಇಸಾಂಡ್ಲ್ವಾನದಲ್ಲಿ ಮುಖ್ಯವಾಗಿ ಈಟಿ-ಗುರಾಣಿಗಳನ್ನೇ ನಂಬಿದ ಸುಮಾರು 20,000 ಜುಲು ಯೋಧರು ರೈಫಲ್ಲು, ಫಿರಂಗಿಗಳಿದ್ದ ಬ್ರಿಟಿಷ್ ಪಾಳೆಯವನ್ನು ಮುತ್ತಿ 1,300ಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಪಾಳೆಯಕ್ಕೆ ಕಂದಕವಿರಲಿಲ್ಲ, ಸೇನೆ ಇಬ್ಭಾಗವಾಗಿತ್ತು, ಸಾಲು ತೀರ ತೆಳುವಾಗಿ ಹರಡಿತ್ತು.

ಯಾವ ಸೇನೆ ಹಿಂದಿನ ಯುಗದ್ದು, ಯಾವುದು ಮುಂದಿನದು ಎಂಬುದೂ ಎಲ್ಲ ಕಡೆಯೂ ಸ್ಪಷ್ಟವಲ್ಲ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಮೈಸೂರು ಸೇನೆ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಲಿಯ ದಳವನ್ನು ನಾಶ ಮಾಡಿತು. ಮೈಸೂರಿನವರ ಬಳಿ ಕಬ್ಬಿಣದ ಕೊಳವೆಯ ರಾಕೆಟ್ಟುಗಳಿದ್ದವು. ಅಂಥವು ಕಂಪನಿಯವರ ಬಳಿ ಇರಲಿಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಈ ಯುದ್ಧದ ಚಿತ್ರ ಇಂದಿಗೂ ಇದೆ. 1799ರ ಅನಂತರ ಆ ರಾಕೆಟ್ಟುಗಳ ಮಾದರಿಗಳು ಇಂಗ್ಲೆಂಡಿಗೆ ಸಾಗಿ, ಕಾಂಗ್ರೀವನ ಪ್ರಯೋಗಗಳಿಗೆ ಪ್ರೇರಣೆಯಾದವು.

5

ಕನ್ನಡ ಕಾವ್ಯಪರಂಪರೆ ಯುಗಾಂತರದ ಈ ಕಲ್ಪನೆಯನ್ನು ಬೇರೊಂದು ದಾರಿಯಲ್ಲಿ ಕೈಗೊಂಡಿತು. ಇಂದಿನ ತೆಲಂಗಾಣದಲ್ಲಿರುವ ವೇಮುಲವಾಡದ ಚಾಲುಕ್ಯ ಅರಸ ಇಮ್ಮಡಿ ಅರಿಕೇಸರಿಯ ಆಸ್ಥಾನದಲ್ಲಿ ಕ್ರಿ.ಶ. 941ರಲ್ಲಿ ಪಂಪನು 'ವಿಕ್ರಮಾರ್ಜುನ ವಿಜಯ'ವನ್ನು ರಚಿಸಿ, ತನ್ನ ಒಡೆಯನನ್ನು ಅರ್ಜುನನೊಡನೆ ಸಮೀಕರಿಸಿದನು. ಅದೇ ಶತಮಾನದ ಕೊನೆಯ ಭಾಗದ ರನ್ನನು ಸತ್ಯಾಶ್ರಯನನ್ನು ಭೀಮನಾಗಿ ಕಂಡನು. ಲಿವಿ ಎರಡು ಕಾಲಗಳನ್ನು ಎದುರಾಳಿಗಳನ್ನಾಗಿ ಮಾಡಿದರೆ, ಈ ಕವಿಗಳು ಎರಡು ಕಾಲಗಳನ್ನು ಒಬ್ಬನೇ ವೀರನಲ್ಲಿ ಬೆಸೆದರು. ಹತ್ತನೆಯ ಶತಮಾನದ ಸಾಮಂತನು ಕುರುಕ್ಷೇತ್ರಕ್ಕೆ ಹೋದನು. ಕುರುಕ್ಷೇತ್ರವು ಹತ್ತನೆಯ ಶತಮಾನದ ಕನ್ನಡ ನಾಡಿಗೆ ಬಂದಿತು.

ಇದು ಆಶ್ರಯದಾತನ ಸ್ತುತಿಯೆಂಬುದು ನಿಜ. ಆದರೆ ಸ್ತುತಿಯ ಚೌಕಟ್ಟು ಪಂಪನ ದೃಷ್ಟಿಯನ್ನು ಕಟ್ಟಿಹಾಕಲಿಲ್ಲ. ಕವಿಯೂ ಯೋಧನೂ ಆಗಿದ್ದ ಅವನು ಉಂಡ ಅನ್ನಕ್ಕೆ ಪ್ರಾಣ ತೆರುವ ಜೋಳವಾಳಿಯ ಧರ್ಮವನ್ನು ಬಲ್ಲವನು. ಆ ಧರ್ಮದ ಬೆಳಕಿನಲ್ಲಿ ಒಡೆಯನ ಎದುರುಪಕ್ಷದ ಕರ್ಣನೇ ಅವನ ಕಾವ್ಯದ ಅತ್ಯಂತ ಆರ್ದ್ರ ಪಾತ್ರವಾದನು. ತನ್ನ ಪಕ್ಷದ ಜಯವನ್ನು ಹಾಡಲು ಹೊರಟ ಕಲ್ಪನೆ ಸೋತವನ ಹೃದಯವನ್ನು ಹೊಕ್ಕಿತು. ಲಿವಿಯ ಪ್ರಸಂಗದಲ್ಲಿ ಇಲ್ಲದ ಗುಣ ಇದು.

6

ಮೇಲಣ ವಿವೇಚನೆಯಿಂದ ಕೆಲವು ಸೂತ್ರಗಳನ್ನು ಹೊರಡಿಸಬಹುದು. ಯುಗಾಂತರ ಸಮರವನ್ನು ಕಲ್ಪಿಸುವವರು ಮೊದಲು ಎರಡೂ ಸೇನೆಗಳ ವರ್ಷವನ್ನು ನಿಶ್ಚಯಿಸಬೇಕು; ಹೆಸರು ಒಂದೇ ಆದರೂ ಸೇನೆ ಒಂದೇ ಆಗಿರುವುದಿಲ್ಲ. ಎರಡನೆಯದಾಗಿ, ನೆಲ, ಅಂತರ ಮತ್ತು ಸಮಯವನ್ನು ಹೇಳಬೇಕು. ಮೂರನೆಯದಾಗಿ, ಒಂದು ದಿನದ ಕದನದ ಪ್ರಶ್ನೆಯನ್ನು ಹಲವು ವರ್ಷಗಳ ಯುದ್ಧದ ಪ್ರಶ್ನೆಯಿಂದ ಬೇರ್ಪಡಿಸಬೇಕು. ಮೊದಲನೆಯದರಲ್ಲಿ ಅಲೆಗ್ಸಾಂಡರನೂ ಎರಡನೆಯದರಲ್ಲಿ ರೋಮೂ ಗೆದ್ದಿರುವುದು ಅಸಂಭವವೇನಲ್ಲ. ಕೊನೆಯದಾಗಿ, ಉತ್ತರದಿಂದ ಯಾರ ಅಭಿಮಾನಕ್ಕೆ ತೃಪ್ತಿಯಾಗುತ್ತದೆಂಬುದನ್ನು ಪರೀಕ್ಷಿಸಬೇಕು.

ಕಾಲ್ಪನಿಕ ಕದನದಲ್ಲಿ ಸಾಯುವವರಿಲ್ಲ. ಅದರ ಆಕರ್ಷಣೆಯೂ ಅಪಾಯವೂ ಅದೇ. ಕರ್ನಾಟಕದ ಊರೂರುಗಳಲ್ಲಿಯೂ ಮಹಾರಾಷ್ಟ್ರದಲ್ಲಿಯೂ ನಿಂತಿರುವ ವೀರಗಲ್ಲುಗಳು ಬೇರೆಯದನ್ನೇ ದಾಖಲಿಸುತ್ತವೆ. ಮುಂಬಯಿಯ ಬೋರಿವಲಿಯ ಏಕ್ಸರದಲ್ಲಿರುವ ವೀರಗಲ್ಲುಗಳಲ್ಲಿ ಹಡಗುಗಳ ಯುದ್ಧವನ್ನೂ ಕಾಣಬಹುದು. ಯಾವ ಸೇನೆ ಶ್ರೇಷ್ಠವೆಂಬ ಪ್ರಶ್ನೆ ಆ ಕಲ್ಲುಗಳದಲ್ಲ. ಮಡಿದವನು ಹೇಗೆ ಹೋರಾಡಿದನು, ಯಾವ ಲೋಕಕ್ಕೆ ಸಂದನು ಎಂಬುದಷ್ಟೇ ಅವುಗಳಿಗೆ ಮುಖ್ಯ. ಯುಗಯುಗಗಳ ಸೇನೆಗಳನ್ನು ಮನಸ್ಸಿನ ಬಯಲಿನಲ್ಲಿ ಕಾದಿಸುವ ಅಧ್ಯಯನಶೀಲರು ಈ ಕಲ್ಲುಗಳ ಸಾಕ್ಷ್ಯವನ್ನೂ ಲೆಕ್ಕಕ್ಕೆ ತೆಗೆದುಕೊಂಡಲ್ಲಿ, ಅವರ ಕಲ್ಪನೆ ಇತಿಹಾಸಕ್ಕೆ ಹೆಚ್ಚು ಹತ್ತಿರವಾದೀತು.