ತಾರಾಲೋಕದ ಯಯಾತಿ

ಮುಪ್ಪಡರಿದ ಯಯಾತಿ ತನ್ನ ಮಗನಾದ ಪೂರುವಿನಿಂದ ಯೌವನವನ್ನು ಪಡೆದ ಕಥೆಯನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ವೃದ್ಧನ ಮೈಯಲ್ಲಿ ತಾರುಣ್ಯ ಕಂಡಾಗ, ಅದನ್ನು ಕೊಟ್ಟವರಾರೆಂಬ ಪ್ರಶ್ನೆ ಏಳುವುದು ಸಹಜ. ಗೋಳಾಕಾರದ ತಾರಾಗುಚ್ಛಗಳನ್ನು ಕುರಿತು ಖಗೋಳವಿಜ್ಞಾನಿಗಳು ಕೇಳುತ್ತ ಬಂದಿರುವ ಪ್ರಶ್ನೆಯೂ ಇಂತಹುದೇ.

ನಮ್ಮ ಆಕಾಶಗಂಗೆಯಲ್ಲಿ ಇಂತಹ ಸುಮಾರು 150 ಗುಚ್ಛಗಳು ತಿಳಿದುಬಂದಿವೆ. ಒಂದೊಂದರಲ್ಲಿಯೂ ಸಾವಿರಾರು, ಕೆಲವೆಡೆ ಲಕ್ಷಾಂತರ ತಾರೆಗಳು ಗುರುತ್ವಾಕರ್ಷಣೆಯಿಂದ ಬಂಧಿತವಾಗಿ ಚೆಂಡಿನಂತೆ ನೆರೆದಿವೆ. ಅವುಗಳ ವಯಸ್ಸು ಸಾಮಾನ್ಯವಾಗಿ 1,000 ಕೋಟಿ ವರ್ಷಗಳಿಗೂ ಮೇಲ್ಪಟ್ಟದ್ದು.

ತಾರೆಯ ಬಣ್ಣ ಅದರ ಶಾಖವನ್ನು ಹೇಳುತ್ತದೆ. ಕುಲುಮೆಯ ಕಬ್ಬಿಣ ಮೊದಲು ಕೆಂಪಾಗಿ, ಕಾವೇರಿದಂತೆ ಬೆಳ್ಳಗಾಗುವುದಷ್ಟೆ. ಹಾಗೆಯೇ ಕೆಂಪು ತಾರೆಗಿಂತ ನೀಲತಾರೆ ಹೆಚ್ಚು ಬಿಸಿ. ಹೆಚ್ಚು ದ್ರವ್ಯವುಳ್ಳ ನೀಲತಾರೆಗಳು ತಮ್ಮ ಇಂಧನವನ್ನು ಬೇಗನೆ ವ್ಯಯಮಾಡಿಬಿಡುತ್ತವೆ. ಆದುದರಿಂದ ಪುರಾತನ ಗುಚ್ಛದಲ್ಲಿ ಅವು ಉಳಿದಿರಕೂಡದು. ಆದರೆ 1953ರಲ್ಲಿ ಅಲನ್ ಸ್ಯಾಂಡೇಜ್ ಎಂಬ ವಿಜ್ಞಾನಿ ಎಂ-3 ಗುಚ್ಛದಲ್ಲಿ ಅಂತಹವನ್ನು ಗುರುತಿಸಿದರು. ಇವುಗಳಿಗೆ ಬ್ಲೂ ಸ್ಟ್ರ್ಯಾಗ್ಲರ್ ಎಂದು ಹೆಸರಾಯಿತು. ಹಿಂದುಳಿದ ನೀಲತಾರೆ ಎನ್ನಬಹುದು.

ಇದಕ್ಕೆ ವಿದ್ವಾಂಸರು ಮುಖ್ಯವಾಗಿ ಎರಡು ಸಮಾಧಾನಗಳನ್ನು ಹೇಳಿದರು. ಎರಡು ತಾರೆಗಳು ಕೂಡಿ ಒಂದಾಗಿರಬಹುದು. ಇಲ್ಲವೆ ಜೋಡಿತಾರೆಗಳಲ್ಲಿ ಒಂದು ಉಬ್ಬಿ ದೈತ್ಯವಾದಾಗ ಅದರ ಹೊರಗಣ ದ್ರವ್ಯ ಇನ್ನೊಂದಕ್ಕೆ ಹರಿದಿರಬಹುದು. ಎರಡನೆಯದು ನಿಜವಾದರೆ, ಕೊಟ್ಟ ತಾರೆಯ ತಿರುಳು ಶ್ವೇತಕುಬ್ಜವೆಂಬ ಪುಟ್ಟ ಕಾಯವಾಗಿ ಪಕ್ಕದಲ್ಲೇ ಉಳಿದಿರಬೇಕು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದು ಸಂಗಾತಿಯ ಪ್ರಭೆಯಲ್ಲಿ ಮುಳುಗಿಹೋಗುತ್ತದೆ.

ಇಲ್ಲಿ ನೆರವಿಗೆ ಬರುವುದು ನೇರಳಾತೀತ ಕಿರಣ. ಕನ್ನಡದ ನೇರಳೆಗೆ ಸಂಸ್ಕೃತದ ಅತೀತ ಸೇರಿದ ಈ ಶಬ್ದ ಅರಿಸಮಾಸವಾದರೂ ಅರ್ಥ ಸ್ಪಷ್ಟ: ನೇರಳೆ ಬಣ್ಣದ ಆಚೆಗಿರುವ, ಕಣ್ಣಿಗೆ ಕಾಣದ ಬೆಳಕು. ಬಹು ಬಿಸಿಯಾದ ತಾರೆಗಳು ಇದನ್ನು ಹೇರಳವಾಗಿ ಸೂಸುತ್ತವೆ. ಈ ಬೆಳಕಿನಲ್ಲಿ ನೋಡಿದಾಗ ಗುಚ್ಛದ ಕೆಂಪುದೈತ್ಯಗಳ ಸಂದಣಿ ಮಸುಕಾಗಿ, ಬಿಸಿತಾರೆಗಳು ಎದ್ದು ತೋರುತ್ತವೆ. ಆದರೆ ವಾತಾವರಣವು ಈ ಕಿರಣದ ಬಹುಭಾಗವನ್ನು ಹೀರಿಬಿಡುವುದರಿಂದ ದೂರದರ್ಶಕವು ವಾತಾವರಣದ ಆಚೆಗೆ ಏರಬೇಕು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟದಿಂದ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಇದಕ್ಕೆಂದೇ ಅವಳಿ ದೂರದರ್ಶಕಗಳಿದ್ದವು. ಅವುಗಳ ನಿರ್ಮಾಣಕ್ಕೆ ಮುಂದಾಳಾದುದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಸ್ವಾತಿ ನಕ್ಷತ್ರವಿರುವ ಪುಂಜದಲ್ಲಿ ಎನ್‌ಜಿಸಿ 5466 ಎಂಬ ಗುಚ್ಛವಿದೆ. ಅದರ ಹೊರವಲಯದ ಒಂದು ಹಿಂದುಳಿದ ನೀಲತಾರೆಯು ತನ್ನ ಶಾಖಕ್ಕೆ ತಕ್ಕುದಕ್ಕಿಂತ ಹೆಚ್ಚು ನೇರಳಾತೀತ ಬೆಳಕನ್ನು ಸೂಸುತ್ತಿರುವುದು ಈ ದೂರದರ್ಶಕಗಳಿಂದ ತಿಳಿಯಿತು. ಆ ಹೆಚ್ಚಳಕ್ಕೆ ಕಾರಣ ಸುಮಾರು 32,000 ಕೆಲ್ವಿನ್ ಶಾಖದ ಶ್ವೇತಕುಬ್ಜ ಸಂಗಾತಿಯೆಂದು 2019ರಲ್ಲಿ ಪ್ರಕಟವಾದ ಅಧ್ಯಯನ ನಿರ್ಣಯಿಸಿತು. ಮರೆಯಲ್ಲಿದ್ದ ದಾತೃ ಹೀಗೆ ಬೆಳಕಿಗೆ ಬಂದಿತು. ಶ್ವೇತಕುಬ್ಜಗಳು ಕಾಲಕ್ರಮದಲ್ಲಿ ಆರುತ್ತ ಹೋಗುವುದರಿಂದ, ಬಹುಹಿಂದೆ ಕೊಟ್ಟವು ಈ ಬೆಳಕಿಗೂ ಸಿಗದೆ ಉಳಿದಿರಬಹುದು.

ಆದುದರಿಂದ ಮುದಿಗುಚ್ಛದಲ್ಲಿ ತರುಣತಾರೆ ಇರದೆಂಬ ನಿಯಮ ಸುಳ್ಳಾಗಲಿಲ್ಲ. ಕಂಡ ಯೌವನ ಎರವಲಿನದೆಂದು ಗೊತ್ತಾಯಿತು. ಅಪವಾದ ಎದುರಾದಾಗ ನಿಯಮವನ್ನು ಕೈಬಿಡುವ ಮುನ್ನ ನೋಡುವ ಬೆಳಕನ್ನು ಬದಲಿಸಬೇಕೆಂಬುದನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠವುಂಟೆ? ಪುರಾಣದಲ್ಲಿ ಕಿರಿಯನು ಹಿರಿಯನಿಗೆ ಕೊಟ್ಟನು, ಕಡೆಗೆ ಯೌವನವೂ ಅವನಿಗೆ ಮರಳಿತು. ಆಕಾಶದಲ್ಲಿ ಮೊದಲು ಮಾಗಿದ ತಾರೆ ಜೊತೆಯದಕ್ಕೆ ಕೊಟ್ಟಿದೆ, ಕೊಟ್ಟದ್ದು ಮರಳದು.